ಡಯಟ್ ಮಾಡುವಾಗ ಮುಟ್ಟು ನಿಂತರೆ ಪಿಸಿಒಡಿ ಎಂದುಕೊಂಡು ಇನ್ನಷ್ಟು ಉಪವಾಸ ಕೂರಬೇಡಿ

ಮದುವೆಗೆ ಮೂರು ತಿಂಗಳು, ಹತ್ತು ಕೆಜಿ ಇಳಿಸಬೇಕು. ಬೆಳಿಗ್ಗೆ ನಿಂಬೆ ನೀರು, ಮಧ್ಯಾಹ್ನ ಒಂದು ಬಟ್ಟಲು ಮೊಳಕೆಕಾಳು, ರಾತ್ರಿ ಸೂಪು. ಅನ್ನ, ಮುದ್ದೆ, ತುಪ್ಪ ಬಂದ್. ಸಂಜೆ ಒಂದು ತಾಸು ಜುಂಬಾ. ತೂಕವೇನೋ ಇಳಿಯುತ್ತದೆ. ಎರಡನೇ ತಿಂಗಳು ಮುಟ್ಟು ಹತ್ತು ದಿನ ತಡ, ಆಮೇಲೆ ಬರುವುದೇ ಇಲ್ಲ. ಕೈಕಾಲು ತಣ್ಣಗೆ, ನಿದ್ದೆಯಿಲ್ಲ, ಬಾಚಿದರೆ ಹಿಡಿ ಕೂದಲು.

ಲೆಕ್ಕ ಹಾಕಿ ನೋಡಿ. 56 ಕೆಜಿಯ ಹುಡುಗಿಯಲ್ಲಿ ಕೊಬ್ಬು ಬಿಟ್ಟು ಉಳಿದ ತೂಕ 40 ಕೆಜಿ ಎಂದಿಟ್ಟುಕೊಳ್ಳೋಣ. ತಿಂದದ್ದು 900 ಕ್ಯಾಲೊರಿ, ಜುಂಬಾಕ್ಕೆ 300 ಹೋಯಿತು. ಉಳಿದ 600 ಅನ್ನು 40ರಿಂದ ಭಾಗಿಸಿದರೆ ಕೆಜಿಗೆ 15. ದೇಹ ನಡೆಸಲು ಉಳಿಯುವ ಈ ಕ್ಯಾಲೊರಿ ಕೆಜಿಗೆ 45ರ ಆಸುಪಾಸು ಇರಬೇಕು. 30ಕ್ಕಿಂತ ಕೆಳಗಿಳಿದರೆ ಐದೇ ದಿನದಲ್ಲಿ, ಅಂಡ ಬಿಡುಗಡೆಗೆ ಬೇಕಾದ ಎಲ್‌ಎಚ್ ಹಾರ್ಮೋನಿನ ಮಿಡಿತ ಹದಗೆಡುವುದು 2003ರ ಪ್ರಯೋಗದಲ್ಲೇ ಕಂಡಿದೆ. ದೇಹದ ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನ್ ಕುಸಿದೊಡನೆ ಮೆದುಳಿನ ಹೈಪೋಥಲಾಮಸ್ ಬಸಿರಿನ ಖರ್ಚಿಗೆ ಕತ್ತರಿ ಹಾಕುತ್ತದೆ: ಅಂಡ ಬಿಡುಗಡೆ ನಿಲ್ಲುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಮೂಳೆ ಸವೆಯತೊಡಗುತ್ತದೆ. ಥೈರಾಯ್ಡ್‌ನ ಟಿ3 ಹಾರ್ಮೋನ್ ಕೂಡ ತಗ್ಗುತ್ತದೆ, ಆದರೆ ಥೈರಾಯ್ಡ್ ತಪಾಸಣೆಗೆ ನೋಡುವ ಟಿಎಸ್‌ಎಚ್ ಸಾಮಾನ್ಯವಾಗಿ ನಾರ್ಮಲ್ಲೇ ಇರುವುದರಿಂದ ರಿಪೋರ್ಟ್ ನೋಡಿದವರು ನಿಶ್ಚಿಂತರಾಗುತ್ತಾರೆ. ತೆಳ್ಳಗಿದ್ದವರಿಗಷ್ಟೇ ಹೀಗಾಗುತ್ತದೆ ಎಂಬುದೂ ಸುಳ್ಳು.

ನಿಜವಾದ ಅನಾಹುತ ಸ್ಕ್ಯಾನಿಂಗ್ ಕೋಣೆಯಲ್ಲಿ ಶುರುವಾಗುತ್ತದೆ. ಹೀಗೆ ಮುಟ್ಟು ನಿಂತವರ ಅಂಡಾಶಯದಲ್ಲೂ ಸಣ್ಣ ಕೋಶಕಗಳು (ಅಂಡ ಬೆಳೆಯುವ ಚೀಲಗಳು) ಹಲವು ಕಾಣಬಹುದು. ಅಷ್ಟರಿಂದಲೇ ಪಿಸಿಒಡಿ (ಮುಟ್ಟು ಏರುಪೇರಾಗಿಸುವ ಅಂಡಾಶಯದ ಹಾರ್ಮೋನ್ ತೊಂದರೆ) ಎಂಬ ಹಣೆಪಟ್ಟಿ, "ಇನ್ನೂ ತೂಕ ಇಳಿಸಮ್ಮ" ಎಂಬ ಬುದ್ಧಿಮಾತು. ತೂಕ ಹೆಚ್ಚಿರುವ ಪಿಸಿಒಡಿಯವರಿಗೆ ಶೇ. 5ರಿಂದ 10ರಷ್ಟು ಇಳಿಸುವುದು ಒಳ್ಳೆಯದೇ; ಇವರಿಗೆ ಅದೇ ಸಲಹೆ ವಿಷ. ಹಾಗಾಗಿ ತಿಂದದ್ದೆಷ್ಟು, ವ್ಯಾಯಾಮವೆಷ್ಟು, ಇಳಿದದ್ದೆಷ್ಟು ಎಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಮುಟ್ಟು ತರಿಸುವ ಗುಳಿಗೆಯನ್ನೂ ನಂಬಿ ಕೂರಬೇಡಿ. ಗರ್ಭನಿರೋಧಕ ಮಾತ್ರೆ ನಿಲ್ಲಿಸಿದಾಗ ಆಗುವ ರಕ್ತಸ್ರಾವ ನಿಮ್ಮ ಸ್ವಂತ ಋತುಚಕ್ರವಲ್ಲ. ಅದು ಮೂಳೆಯನ್ನೂ ಕಾಯುವುದಿಲ್ಲ, ತೊಂದರೆಯನ್ನು ಮುಚ್ಚಿಡುತ್ತದೆ ಅಷ್ಟೆ.

ಚಕ್ರ 45 ದಿನ ಮೀರುತ್ತಲೇ ಇದ್ದರೆ, ಅಥವಾ ಮೂರು ತಿಂಗಳು ಮುಟ್ಟಾಗದಿದ್ದರೆ ತಪಾಸಣೆ ಆಗಲೇಬೇಕು. ಮೊದಲು ಬಸಿರಿನ ಪರೀಕ್ಷೆ, ನಂತರ ರಕ್ತದ ಹಾರ್ಮೋನ್ ಪರೀಕ್ಷೆಗಳು: ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಡಯಾಲ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್. ಆರು ತಿಂಗಳು ದಾಟಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಕೇಳಿ. ಡಯಟ್ಟೇ ಕಾರಣವೆಂದು ಖಚಿತವಾದರೆ ಮೊದಲ ಮದ್ದು ಊಟ: ಬಿಟ್ಟ ಅನ್ನ, ಮುದ್ದೆ, ತುಪ್ಪ, ಕಾಯಿ ಮತ್ತೆ ತಟ್ಟೆಗೆ ಬರಲಿ, ಜುಂಬಾ ಸದ್ಯಕ್ಕೆ ನಿಲ್ಲಲಿ. ಚಕ್ರ ಮರಳಲು ತಿಂಗಳುಗಳೇ ಹಿಡಿಯಬಹುದು. ಒಂದು ಮಾತು ನೆನಪಿರಲಿ, ಅಂಡ ಬಿಡುಗಡೆಯಾಗುವುದು ಮುಟ್ಟಿಗಿಂತ ಸುಮಾರು ಎರಡು ವಾರ ಮೊದಲು. ಆದ್ದರಿಂದ ಮುಟ್ಟು ಮರಳುವ ಮುನ್ನವೇ ಬಸಿರಾಗಬಹುದು.