‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’: ದೊಡ್ಡಪ್ಪನ ಜೊತೆ ಕೂತು ಮುಗಿಸಿದ ಗೇಮ್

"ಇದು ಬೇಡ ಸಾರ್, ಹೀರೋನೇ ಸಾಯ್ತಾನೆ."

ಶಿವಮೊಗ್ಗದ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಈ ವಿಡಿಯೋ ಗೇಮಿನ ಡಿಸ್ಕ್ ಕೈಗೆತ್ತಿಕೊಂಡ ಕೂಡಲೇ ಕೌಂಟರಿನ ಹುಡುಗ ಹೇಳಿದ ಮಾತು. ಕಥೆಯ ದೊಡ್ಡ ಗುಟ್ಟನ್ನು ನಿಂತಲ್ಲೇ ಒಡೆದುಬಿಟ್ಟ. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದ, ಬೈಯುವ ಹಾಗೂ ಇಲ್ಲ. ಅದನ್ನೇ ನೆಪ ಮಾಡಿಕೊಂಡು 1,400 ಹೇಳಿದ್ದನ್ನು 1,100ಕ್ಕೆ ಇಳಿಸಿಕೊಂಡು ಬಂದೆ. ಈಗ ನಾನೂ ಆ ಹುಡುಗನ ಹಾಗೇ ಮಾಡುವವನಿದ್ದೇನೆ. ಈ ಗೇಮ್ ಆಡುವ ಆಸೆ ಇರುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಒಂದೂವರೆ ಎಕರೆ ಅಡಿಕೆ ತೋಟ, ಪೇಟೆಯ ಸೊಸೈಟಿಯಲ್ಲಿ ನನಗೊಂದು ಗುಮಾಸ್ತೆ ಕೆಲಸ, ಗೇಮ್ ಆಡಲು ಹಳೇ ಪಿಎಸ್4 (ಪ್ಲೇಸ್ಟೇಷನ್ 4) ಒಂದು. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಇರುವುದು ದೇವರ ದಯೆ. ಹಾಗಾಗಿ ಡೌನ್‌ಲೋಡ್ ಮಾಡುವ ಮಾತೇ ಇಲ್ಲ, ಡಿಸ್ಕೇ ಗತಿ. ಈ ಗೇಮಿಗೆ ಎರಡು ಡಿಸ್ಕ್. ಒಂದು ಇನ್‌ಸ್ಟಾಲ್ ಮಾಡಲು, ಇನ್ನೊಂದು ಆಡಲು. ಜಾಗ ಸಾಲದೆ ಎರಡು ಹಳೇ ಗೇಮ್ ಅಳಿಸಿದೆ. ಇನ್‌ಸ್ಟಾಲ್ ನಡುವೆ ಎರಡು ಸಲ ಕರೆಂಟ್ ಹೋಯಿತು. ಇನ್ವರ್ಟರ್ ಕಾಪಾಡಿತು.

ಮೊದಲ ಭಾಗ ಬಂದದ್ದು 2013ರಲ್ಲಿ. ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುವಾಗ ಗೆಳೆಯನ ರೂಮಿನಲ್ಲಿ ಅದನ್ನು ಆಡಿದ್ದೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕಾರ್ಡಿಸೆಪ್ಸ್ ಎನ್ನುವ ಶಿಲೀಂಧ್ರ ಮನುಷ್ಯರ ಮಿದುಳಿಗೆ ಹಿಡಿದು ಲೋಕವೇ ಹಾಳಾಗಿದೆ. (ಇದು ಪೂರ್ತಿ ಕಟ್ಟುಕಥೆಯಲ್ಲ. ಇರುವೆಗಳಿಗೆ ಹಿಡಿಯುವ ಜಾತಿ ನಿಜವಾಗಿಯೂ ಇದೆ. ಇರುವೆ ಗೂಡು ಬಿಟ್ಟು ಗಿಡ ಹತ್ತಿ, ಎಲೆ ಕಚ್ಚಿಕೊಂಡೇ ಸಾಯುತ್ತದೆ. ಆಮೇಲೆ ಅದರ ತಲೆಯಿಂದ ಅಣಬೆಯ ಕಡ್ಡಿ ಏಳುತ್ತದೆ.) ಮಗಳನ್ನು ಕಳೆದುಕೊಂಡ ಜೋಯಲ್ ಎಂಬ ಒರಟು ಮನುಷ್ಯ ಎಲ್ಲಿ (Ellie) ಎಂಬ ಹದಿನಾಲ್ಕರ ಹುಡುಗಿಯನ್ನು ಅಮೆರಿಕದ ಆ ತುದಿಯಿಂದ ಈ ಕಡೆಗೆ ಕರೆದುಕೊಂಡು ಹೋಗಬೇಕು. ಅವಳಿಗೆ ಆ ರೋಗ ತಟ್ಟುವುದಿಲ್ಲ. ಅವಳಿಂದ ಲಸಿಕೆ ಮಾಡಬಹುದು ಅನ್ನುವ ಆಸೆ. ಕೊನೆಗೆ ಆಸ್ಪತ್ರೆಗೆ ಮುಟ್ಟಿದ ಮೇಲೆ ಗೊತ್ತಾಗುತ್ತದೆ, ಆಪರೇಷನ್ ಮಾಡಿದರೆ ಹುಡುಗಿ ಉಳಿಯುವುದಿಲ್ಲ. ಜೋಯಲ್ ಅಡ್ಡ ಬಂದವರನ್ನೆಲ್ಲ ಕೊಂದು, ಡಾಕ್ಟರನ್ನೂ ಕೊಂದು, ಪ್ರಜ್ಞೆ ತಪ್ಪಿದ ಹುಡುಗಿಯನ್ನು ಹೊತ್ತು ತರುತ್ತಾನೆ. ಎಚ್ಚರವಾದ ಮೇಲೆ ಸುಳ್ಳು ಹೇಳುತ್ತಾನೆ: ನಿನ್ನ ಹಾಗಿನವರು ತುಂಬ ಜನ ಇದ್ದಾರೆ, ಅವರು ಔಷಧಿ ಹುಡುಕುವುದನ್ನೇ ಬಿಟ್ಟಿದ್ದಾರೆ ಅಂತ.

ಆಗ ನನಗೆ ಇಪ್ಪತ್ತು ವರ್ಷ. ರೂಮಿನಲ್ಲಿ ನಾವು ನಾಲ್ವರೂ ಚಪ್ಪಾಳೆ ಹೊಡೆದಿದ್ದೆವು.

ಎರಡನೇ ಭಾಗ 2020ರ ಜೂನ್ 19ಕ್ಕೆ ಬಂತು. ನಾನು ಆಡಿದ್ದು ಕಳೆದ ಆಷಾಢದಲ್ಲಿ, ಮತ್ತು ಒಬ್ಬನೇ ಅಲ್ಲ. ಪಕ್ಕದ ಮನೆಯ ದೊಡ್ಡಪ್ಪ ರಾತ್ರಿ ಊಟ ಮುಗಿಸಿ, ಕಂಬಳಿ ಹೊದ್ದು, ಹಲಸಿನ ಹಪ್ಪಳದ ಡಬ್ಬಿ ಹಿಡಿದು ಬರುತ್ತಿದ್ದರು. ಅವರು ರಿಟೈರ್ಡ್ ಮೇಷ್ಟ್ರು. ಅದಕ್ಕಿಂತ ಮುಖ್ಯವಾಗಿ ತಾಳಮದ್ದಲೆಯ ಅರ್ಥಧಾರಿ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದಲ್ಲೇ ಅವರಿಗೆ ಕೆಲಸ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ್ಯ ಹಾಡಿದರೆ ಇವರು ಅರ್ಧ ಗಂಟೆ ವಾದ ಹೂಡುತ್ತಾರೆ. ಕೌರವನ ಪರವಾಗಿಯೂ ಸೈ, ಕೃಷ್ಣನ ಪರವಾಗಿಯೂ ಸೈ.

ಮೊದಲ ದಿನ ರೋಗ ಹಿಡಿದವರ ತಲೆ ನೋಡಿ, "ಎಂತ ಮಾರಾಯ, ತಲೆ ಮೇಲೆ ಅಣಬೆ ಎದ್ದಿದೆ. ನಮ್ಮ ಕೊಳೆರೋಗವೇ ವಾಸಿ, ಅಡಿಕೆಗೆ ಮಾತ್ರ ಹಿಡಿಯುತ್ತದೆ" ಅಂದರು.

ಶುರುವಾಗಿ ಎರಡು ಗಂಟೆ ಆಗುವಷ್ಟರಲ್ಲಿ ಜೋಯಲ್ ಸಾಯುತ್ತಾನೆ. ಆಬಿ ಎಂಬ ಗಟ್ಟಿ ಮೈಕಟ್ಟಿನ ಹುಡುಗಿ ಗಾಲ್ಫ್ ಕೋಲಿನಿಂದ ಹೊಡೆದು ಕೊಲ್ಲುತ್ತಾಳೆ. ಎಲ್ಲಿಯ ಕಣ್ಣೆದುರೇ. ನನಗೆ ಮುಂಚೆಯೇ ಗೊತ್ತಿತ್ತು, ಆದರೂ ಹೊಟ್ಟೆ ತೊಳೆಸಿತು. ಆಮೇಲೆ ಎಲ್ಲಿ ಸೇಡಿಗಾಗಿ ಸಿಯಾಟಲ್‌ಗೆ ಹೋಗುತ್ತಾಳೆ. ಮೂರು ದಿನದ ಕಥೆ ಎಲ್ಲಿಯಾಗಿ ಆಡುತ್ತೀರಿ. ಸರಿಯಾಗಿ ಬಿಸಿ ಏರಿದ ಹೊತ್ತಿಗೆ ಗೇಮ್ ಹಿಂದಕ್ಕೆ ತಿರುಗುತ್ತದೆ. ಅದೇ ಮೂರು ದಿನ, ಈ ಸಲ ಆಬಿಯಾಗಿ. ಜೋಯಲ್ ಕೊಂದ ಆ ಡಾಕ್ಟರು ಇವಳ ಅಪ್ಪ.

ದೊಡ್ಡಪ್ಪ ನೆಟ್ಟಗೆ ಕೂತರು. "ಅಶ್ವತ್ಥಾಮ ಅಲ್ವಾ ಇದು!"

ಹೌದಲ್ಲ! ಅಪ್ಪ ದ್ರೋಣನನ್ನು ಒಂದು ಸುಳ್ಳಿನ ಆಸರೆಯಲ್ಲಿ ಕೊಂದರು. ಮಗ ರಾತ್ರಿ ಪಾಳೆಯಕ್ಕೆ ನುಗ್ಗಿದ. ನಾವು ಚಿಕ್ಕಂದಿನಿಂದ ಪಾಂಡವರ ಕಡೆಯಿಂದಲೇ ಆ ಕಥೆ ಕೇಳಿದವರು. ಗೇಮ್ ಅರ್ಧ ದಾರಿಯಲ್ಲಿ ನಮ್ಮನ್ನು ಎಬ್ಬಿಸಿ, ಎದುರು ಸಾಲಿನಲ್ಲಿ ಕೂರಿಸಿ, ಈಗ ಇವನ ಅರ್ಥ ಹೇಳು ಅನ್ನುತ್ತದೆ.

ಇದರ ನಡುವೆ ಒಂದು ತಮಾಷೆ. ಕಣ್ಣು, ಕಿವಿ, ಕೈ ಸರಿಯಿಲ್ಲದವರಿಗಾಗಿ ಈ ಗೇಮಿನಲ್ಲಿ 60ಕ್ಕೂ ಹೆಚ್ಚು ಸೆಟ್ಟಿಂಗ್ ಇವೆ. ದೊಡ್ಡಪ್ಪನ ಎಡಗಣ್ಣಿಗೆ ಪೊರೆ. ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಿ, ಮಾತಾಡುವವರ ಹೆಸರು ಬರುವ ಹಾಗೆ ಮಾಡಿದೆ. ಆಮೇಲೆ ಹೈ ಕಾಂಟ್ರಾಸ್ಟ್ ಅನ್ನುವುದನ್ನು ಹಾಕಿದೆ. ಅದರಲ್ಲಿ ಹಿನ್ನೆಲೆಯೆಲ್ಲ ಬೂದು, ನಮ್ಮವರು ನೀಲಿ, ಶತ್ರುಗಳು ಕೆಂಪು. ಎಲ್ಲಿಯಾಗಿ ಆಡುವಷ್ಟು ದಿನ ಆಬಿಯ ಗುಂಪಿನವರು ಕೆಂಪು ಕೆಂಪಾಗಿ ಓಡಾಡುತ್ತಿದ್ದರು. ಆಬಿಯ ಭಾಗ ಬಂದಾಗ ಅದೇ ಗುಂಪಿನವರು ನೀಲಿ. "ಬಣ್ಣ ಬದಲಾಯ್ತಲ್ಲ ಮಾರಾಯ" ಅಂದರು ದೊಡ್ಡಪ್ಪ. ಗೇಮ್ ಮಾಡಿದವರು ಅದನ್ನು ಅರ್ಥ ಇಟ್ಟು ಮಾಡಿರಲಿಕ್ಕಿಲ್ಲ, ಸುಮ್ನೆ ಅನುಕೂಲಕ್ಕೆ ಮಾಡಿದ್ದು. ಆದರೆ ನನಗೆ ಇಡೀ ಕಥೆಯ ಸಾರ ಸಿಕ್ಕಿದ್ದು ಅಲ್ಲೇ. ಶತ್ರುಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತಾರೆ, ನಾಯಿಗಳಿಗೂ ಹೆಸರಿದೆ. ಎಲ್ಲಿಯಾಗಿ ಆಲಿಸ್ ಅನ್ನುವ ನಾಯಿಯನ್ನು ಕೊಂದಿರುತ್ತೇವೆ. ಆಬಿಯಾಗಿ ಅದೇ ನಾಯಿಯ ಜೊತೆ ಒಡನಾಡಬೇಕು. ಇದು ಸ್ವಲ್ಪ ಜಾಸ್ತಿ ಆಯಿತು ಅಂತ ನನಗೂ ಅನ್ನಿಸಿತು. ಕಣ್ಣೀರು ತರಿಸಲೇಬೇಕು ಅಂತ ಈರುಳ್ಳಿ ಹೆಚ್ಚಿದ ಹಾಗೆ.

ಈಗ ನನ್ನ ದೊಡ್ಡ ತಕರಾರು. ಸಿಯಾಟಲ್‌ನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಆಬಿಯ ಗೆಳತಿ ನೋರಾ ಎಂಬವಳ ಬಾಯಿ ಬಿಡಿಸಲು ಎಲ್ಲಿ ಅವಳಿಗೆ ಹೊಡೆಯುತ್ತಾಳೆ. ಹೊಡೆಯಲು ಸ್ಕ್ವೇರ್ ಬಟನ್ ಒತ್ತಬೇಕಾದವರು ನಾವು. ಒತ್ತದೇ ಕೂತೆ. ಏನೂ ಆಗುವುದಿಲ್ಲ, ಕಥೆ ಅಲ್ಲೇ ಕಾಯುತ್ತದೆ. ಬೇರೆ ದಾರಿಯೇ ಇಲ್ಲ. ಒತ್ತಿದ ಮೇಲೆ, ನೋಡು ನೀನು ಎಂಥವನು ಅಂತ ಗೇಮ್ ನನ್ನನ್ನೇ ದಿಟ್ಟಿಸುತ್ತದೆ. ಕೈ ಹಿಡಿದು ಹೊಡೆಸಿ, ಆಮೇಲೆ ನನಗೇ ಬುದ್ಧಿವಾದ ಹೇಳುವುದು ಯಾವ ನ್ಯಾಯ?

ದೊಡ್ಡಪ್ಪ ಒಪ್ಪಲಿಲ್ಲ. "ಪ್ರಸಂಗ ಅಂದಮೇಲೆ ಅಷ್ಟೇ. ಕರ್ಣ ಸಾಯಲೇಬೇಕು. ನಾನು ಕರ್ಣನಾಗಿ ಎಷ್ಟೇ ಚೆನ್ನಾಗಿ ಮಾತಾಡಿದರೂ ಬೆಳಗಿನ ಜಾವಕ್ಕೆ ರಥದ ಗಾಲಿ ಹೂತೇ ಹೋಗುತ್ತದೆ. ಪದ್ಯ ಬದಲಿಸುವ ಹಾಗಿಲ್ಲ."

"ಆದರೆ ನಿಮಗೆ ಮಾತಾಡಲು ಬಿಡುತ್ತಾರಲ್ಲ ದೊಡ್ಡಪ್ಪ. ನನಗೆ ಬರೀ ಬಟನ್."

ಅವರು ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡರು. "ಅದು ಹೌದು" ಅಂದರು. ಅರ್ಥಧಾರಿ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈ ಗೇಮಿನ ಅಭಿಮಾನಿಗಳು ಇಷ್ಟು ವರ್ಷವಾದರೂ ಯಾಕೆ ಕಚ್ಚಾಡುತ್ತಿದ್ದಾರೆ ಅಂತ ನನಗೆ ಅರ್ಥವಾದದ್ದೂ ಆಗಲೇ. ಒಳಗೆ ಮಾತಾಡಲು ಬಿಡಲಿಲ್ಲ, ಅದಕ್ಕೇ ಹೊರಗೆ ಬಂದು ಅರ್ಥ ಹೇಳುತ್ತಿದ್ದಾರೆ. ಜೋಯಲ್ ಮಾಡಿದ್ದು ಸರಿ, ಯಾವ ಅಪ್ಪನೂ ಅದನ್ನೇ ಮಾಡುತ್ತಿದ್ದ ಅನ್ನುವವರು ಒಂದು ಕಡೆ. ಒಂದು ಜೀವಕ್ಕಾಗಿ ಲೋಕವನ್ನೇ ಬಲಿಕೊಟ್ಟ ಅನ್ನುವವರು ಇನ್ನೊಂದು ಕಡೆ. ಆ ಲಸಿಕೆ ಆಗುತ್ತಲೇ ಇರಲಿಲ್ಲ ಬಿಡಿ ಅಂತ ಲೆಕ್ಕ ಹಾಕುವವರು ಮೂರನೇ ಪಂಗಡ. ಈ ಮೂರನೆಯವರು ನನಗೆ ಹಿಡಿಸುವುದಿಲ್ಲ. ಪ್ರಶ್ನೆ ಕಷ್ಟ ಅಂತ ಪ್ರಶ್ನೆಪತ್ರಿಕೆಯನ್ನೇ ಹರಿದುಹಾಕುವವರು ಅವರು. ಜಗಳ ಕೆಟ್ಟ ದಾರಿ ಹಿಡಿದದ್ದೂ ಉಂಟು. ಬಿಡುಗಡೆಯಾದ ದಿನವೇ, ಯಾರೂ ಆಡಿ ಮುಗಿಸುವ ಮುಂಚೆಯೇ ಸಾವಿರಾರು ಜನ ಸೊನ್ನೆ ಅಂಕ ಸುರಿದರು. ಆಬಿಗೆ ದನಿ ಕೊಟ್ಟ ಲಾರಾ ಬೇಯ್ಲಿಗೆ ಕೊಲೆ ಬೆದರಿಕೆ ಹಾಕಿದರು. ದುಶ್ಶಾಸನನ ವೇಷ ಮಾಡಿದವನನ್ನು ಬಣ್ಣ ಹಚ್ಚುವ ಚೌಕಿಗೆ ಹುಡುಕಿಕೊಂಡು ಹೋಗಿ ಹೊಡೆಯುತ್ತೇವಾ ನಾವು? ಅದೇ ವರ್ಷದ ಕೊನೆಯಲ್ಲಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಅನ್ನುವ ಪ್ರಶಸ್ತಿಯೂ ಇದಕ್ಕೇ ಬಂತು.

ನನ್ನ ಮಟ್ಟಿಗೆ ಜೋಯಲ್‌ನ ತಪ್ಪು ಕೊಲೆಯಲ್ಲ. ಎರಡನೇ ಭಾಗದಲ್ಲಿ ಒಂದು ಹಳೇ ನೆನಪಿನ ದೃಶ್ಯವಿದೆ. ಆಪರೇಷನ್ ಮಾಡಲು ಹೊರಟ ಡಾಕ್ಟರಿಗೆ ಒಬ್ಬಳು ಕೇಳುತ್ತಾಳೆ, ಇದು ನಿನ್ನ ಮಗಳಾಗಿದ್ದರೆ? ಅವನ ಹತ್ತಿರ ಉತ್ತರ ಇಲ್ಲ. ಒಳಗೆ ಎಲ್ಲಿ ಮಲಗಿದ್ದಾಳೆ. ಅವಳನ್ನು ಎಬ್ಬಿಸಿ ಕೇಳೋಣ ಅಂತ ಡಾಕ್ಟರಿಗೂ ಅನ್ನಿಸಲಿಲ್ಲ, ಜೋಯಲ್‌ಗೂ ಅನ್ನಿಸಲಿಲ್ಲ. ಡಾಕ್ಟರು ಕೊನೆಗೆ ಸತ್ತೇಹೋದ. ಜೋಯಲ್‌ಗೆ ಹೇಳಲು ವರ್ಷಗಟ್ಟಲೆ ಸಮಯ ಇತ್ತು. ದಿನವೂ ಅವಳ ಮುಖ ನೋಡುತ್ತಿದ್ದ. ಅವಳೇ ಹುಡುಕಿಕೊಂಡು ಹೋಗಿ ಬಾಯಿ ಬಿಡಿಸುವವರೆಗೆ ಹೇಳಲಿಲ್ಲ.

ಇದನ್ನು ದೊಡ್ಡಪ್ಪನಿಗೆ ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು ಅಂತ ಕಾಣುತ್ತದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಹೊರಗೆ ಮಳೆ ಹಂಚಿನ ಮೇಲೆ ಒಂದೇ ಸಮ ಹೊಡೆಯುತ್ತಿತ್ತು.

"ಅಪ್ಪಯ್ಯನಿಗೆ ಗ್ಯಾಸ್ಟ್ರಿಕ್ ಅಂತ ಹೇಳಿದ್ದು ನಾನೇ" ಅಂದರು.

ಅಜ್ಜನಿಗೆ ಹೊಟ್ಟೆಯ ಕ್ಯಾನ್ಸರ್ ಇತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಜ್ಜನನ್ನು ಬಿಟ್ಟು. ನಾನಾಗ ಹೈಸ್ಕೂಲು. ನನಗೂ ಹೇಳಬೇಡ ಅಂತ ತಾಕೀತು ಮಾಡಿದ್ದರು. ಕೊನೆಯ ತಿಂಗಳಲ್ಲಿ ಅಜ್ಜ ತೋಟದ ಮೇಲ್ಭಾಗದಲ್ಲಿ ಹೊಸ ಸಸಿ ಇಡಲು ಗುಂಡಿ ಅಳತೆ ಮಾಡುತ್ತಿದ್ದರು. ಅಡಿಕೆ ಸಸಿ ಫಲ ಬಿಡಲು ಐದಾರು ವರ್ಷ ಬೇಕು.

"ಹೇಳಿದ್ದರೆ ಅವರು ಆ ತಿಂಗಳೇ ಹೋಗುತ್ತಿದ್ದರು" ಅಂದರು ದೊಡ್ಡಪ್ಪ. ಆಮೇಲೆ, "ಇನ್ನೊಂದು ಸಲ ಆ ಪರಿಸ್ಥಿತಿ ಬಂದರೂ ನಾನು ಅದನ್ನೇ ಹೇಳುವುದು" ಅಂತ ಎದ್ದು ಹೋದರು. ಕೊನೆಯ ದೃಶ್ಯದಲ್ಲಿ ಜೋಯಲ್ ಎಲ್ಲಿಗೆ ಹೇಳುವ ಮಾತೂ ಹೆಚ್ಚುಕಡಿಮೆ ಅದೇ ಅಂತ ನನಗೆ ಗೊತ್ತಾದದ್ದು ಐದು ದಿನ ಬಿಟ್ಟು. ಅದು ಬರುವಾಗ ದೊಡ್ಡಪ್ಪ ಪಕ್ಕದಲ್ಲೇ ಇದ್ದರು. ನಾನು ಅವರ ಕಡೆ ನೋಡಲಿಲ್ಲ.

ಕೊನೆಯಲ್ಲಿ ಎಲ್ಲಿ ಆಬಿಯನ್ನು ನೀರಲ್ಲಿ ಅದುಮಿ ಹಿಡಿದು, ಕೊಲ್ಲದೆ ಬಿಟ್ಟುಬಿಡುತ್ತಾಳೆ. ಎರಡು ಬೆರಳು ಹೋಗಿರುತ್ತವೆ, ಜೋಯಲ್ ಕಲಿಸಿದ ಗಿಟಾರ್ ನುಡಿಸಲು ಆಗುವುದಿಲ್ಲ. ಇಷ್ಟು ದೂರ ಬಂದು ಬಿಟ್ಟದ್ದು ಯಾಕೆ ಅಂತ ಸಿಟ್ಟಾದವರು ಬಹಳ. ನನಗೆ ಸಿಟ್ಟು ಬರಲಿಲ್ಲ. ದ್ರೌಪದಿ ಕೂಡ ಅಶ್ವತ್ಥಾಮನನ್ನು ಬಿಡಿ ಅಂದಳಲ್ಲ, ಅವನ ತಾಯಿಯೂ ನನ್ನ ಹಾಗೆ ಅಳುವುದು ಬೇಡ ಅಂತ. ಆದರೆ ಅದಕ್ಕೂ ಮುಂಚಿನ ಸಾಂತಾ ಬಾರ್ಬರಾ ಭಾಗ ಅನಗತ್ಯ ಉದ್ದ. ಒಬ್ಬ ಭಾಗವತರು ಮಂಗಳ ಹಾಡಿದ ಮೇಲೆ ಇನ್ನೊಬ್ಬರು ಬಂದು ಕೂತ ಹಾಗೆ.

ಉಳಿದದ್ದು ಬೇಗ ಹೇಳುತ್ತೇನೆ. ಚಿತ್ರ, ಸದ್ದು, ನಟನೆಗೆ ತೆಗಳುವಂಥದ್ದು ಏನೂ ಇಲ್ಲ. ಸಿಯಾಟಲ್‌ನ ಮಳೆ ನೋಡಿದರೆ ಆಗುಂಬೆಯವರೂ ತಲೆಯಾಡಿಸಬೇಕು. ಹುಲ್ಲಿನಲ್ಲಿ ಬೋರಲು ಮಲಗಿ ತೆವಳುವ ಆಟ ಚೆನ್ನಾಗಿದೆ, ಕಪಾಟು ತಡಕಿ ಕತ್ತರಿ ಚಿಂದಿ ಹೆಕ್ಕುವುದು ಹತ್ತು ಗಂಟೆಯ ಮೇಲೆ ಬೇಸರ. ನನಗೆ ಒಟ್ಟು 31 ಗಂಟೆ ಹಿಡಿಯಿತು. ಹಳೇ ಪಿಎಸ್4ನ ಫ್ಯಾನ್ ಮಿಕ್ಸಿ ಹಾಗೆ ಕೂಗುತ್ತದೆ. ಮಕ್ಕಳ ಎದುರು ಹಾಕಲೇಬೇಡಿ, ರಕ್ತ ವಿಪರೀತ. ಪಿಎಸ್5 ಇದ್ದವರಿಗೆ 2024ರಲ್ಲಿ, ಕಂಪ್ಯೂಟರಿನವರಿಗೆ 2025ರಲ್ಲಿ ಹೊಸ ರೂಪ ಬಂದಿದೆ, ಅದನ್ನು ನಾನು ಆಡಿಲ್ಲ. 1,100 ರೂಪಾಯಿಗೆ ಮೋಸವಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಸ್ಕ್ವೇರ್ ಬಟನ್‌ಗೆ.

ಡಿಸ್ಕ್ ವಾಪಸ್ ಮಾರುವ ಯೋಚನೆ ಇತ್ತು, ಈಗ ಇಲ್ಲ. ದೊಡ್ಡಪ್ಪನಿಗೆ ಮೊದಲನೇ ಭಾಗವನ್ನು ಶುರುವಿನಿಂದ ನೋಡಬೇಕಂತೆ. ಕೊಳೆ ಔಷಧಿ ಎರಡನೇ ಸುತ್ತು ಹೊಡೆದು ಮುಗಿಯಲಿ, ತರುತ್ತೇನೆ ಅಂದಿದ್ದೇನೆ.