ಮುಂದಿನ ಗಾಲಿಗಳ ಅಗಲಕ್ಕೆ ಸ್ಪೇಸರೋ, ಶಿಮ್ ಹಾಕಿದ ಆರ್ಮೋ

ಪೋರ್ಶೆ ಬಾಕ್ಸ್‌ಸ್ಟರ್ 987 ಕಾರಿನ ಎಂಜಿನ್ ಆಸನಗಳ ಹಿಂದಿದೆ. ಮುಂಭಾಗ ಹಗುರ, ಕಾರ್ಖಾನೆ ಕೊಡುವ ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಸಹ ಅತ್ಯಲ್ಪ. ಹಾಗಾಗಿ ವೇಗದ ತಿರುವಿನಲ್ಲಿ ಮುಂದಿನ ಟೈರುಗಳೇ ಮೊದಲು ಹಿಡಿತ ಬಿಡುತ್ತವೆ. ಎಡಬಲ ಗಾಲಿಗಳ ನಡುವಿನ ಅಂತರ, ಅಂದರೆ ಟ್ರ್ಯಾಕ್, ಹಿಗ್ಗಿದಷ್ಟೂ ತಿರುವಿನಲ್ಲಿ ಒಳಗಿನ ಟೈರಿನಿಂದ ಹೊರಗಿನದಕ್ಕೆ ಹೋಗುವ ಭಾರ ಇಳಿಯುತ್ತದೆ ಎಂಬ ಲೆಕ್ಕದಿಂದ ಕಲಬುರಗಿಯಲ್ಲಿ ನನ್ನ ಕಾರಿಗೆ ಎರಡು ವಿಧಾನಗಳನ್ನು ಒಂದರ ನಂತರ ಒಂದರಂತೆ ಅಳವಡಿಸಿ, ಸೇಡಂ ರಸ್ತೆಯಲ್ಲಿ ಓಡಿಸಿ ನೋಡಿದೆ.

ಮೊದಲು ಹಾಕಿದ್ದು 15 ಮಿ.ಮೀ. ಸ್ಪೇಸರ್, ಅಂದರೆ ಗಾಲಿ ಮತ್ತು ಅದನ್ನು ಕೂರಿಸುವ ಹಬ್ಬಿನ ನಡುವೆ ಇಡುವ ಲೋಹದ ಬಿಲ್ಲೆ. ಬೆಲೆ ಕಡಿಮೆ, ಕೆಲಸ ಒಂದು ಗಂಟೆಯದು, ಟ್ರ್ಯಾಕ್ ನೇರವಾಗಿ 30 ಮಿ.ಮೀ. ಹೆಚ್ಚುತ್ತದೆ. ಗಾಲಿಯ ಬೋಲ್ಟುಗಳನ್ನೂ ಅಷ್ಟೇ ಉದ್ದ ಹೆಚ್ಚಿರುವಂಥವಕ್ಕೆ ಬದಲಿಸಿ 130 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜದೆ ಕೂರಿಸಿದ್ದರಿಂದ ಮೊದಲ ದಿನವೇ ಸ್ಟಿಯರಿಂಗ್ ನಡುಗಿತು. ಬಿಚ್ಚಿ, ಉಜ್ಜಿ, ಮತ್ತೆ ಹಾಕಿದ ಮೇಲೆ ಅದು ನಿಂತಿತು. ನಿಲ್ಲದ ತೊಂದರೆ ಬೇರೆಯೇ ಇತ್ತು. ಸ್ಪೇಸರ್ ಗಾಲಿಯನ್ನಷ್ಟೇ ಹೊರಕ್ಕೆ ತಳ್ಳುತ್ತದೆ, ಸ್ಟಿಯರಿಂಗ್ ತಿರುಗಿಸಿದಾಗ ಗಾಲಿ ಎಡಬಲಕ್ಕೆ ಹೊರಳುವ ಅಕ್ಷ ಇದ್ದಲ್ಲೇ ಇರುತ್ತದೆ. ನೆಲದ ಮಟ್ಟದಲ್ಲಿ ಆ ಅಕ್ಷಕ್ಕೂ ಟೈರಿನ ನಡುಭಾಗಕ್ಕೂ ಇರುವ ಅಂತರ, ಅಂದರೆ ಸ್ಕ್ರಬ್ ರೇಡಿಯಸ್, 15 ಮಿ.ಮೀ. ಬದಲಾಗುತ್ತದೆ. ಸಿಮೆಂಟ್ ಲಾರಿಗಳ ಭಾರಕ್ಕೆ ಸೇಡಂ ರಸ್ತೆಯ ಡಾಂಬರು ಎರಡು ಗಾಡಿಜಾಡುಗಳಾಗಿ ತಗ್ಗಿರುವ ಕಡೆ ಟೈರಿನ ಒಂದು ಅಂಚು ಜಾಡಿಗೆ ಇಳಿದೊಡನೆ ಸ್ಟಿಯರಿಂಗ್ ಅಂಗೈಯನ್ನು ಜಗ್ಗುತ್ತಿತ್ತು, ಒಂದು ಕೈಯಲ್ಲಿ ಹಿಡಿಯಲು ಧೈರ್ಯ ಬರಲಿಲ್ಲ. ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ ಲೈನರನ್ನೂ ಸವರುತ್ತಿತ್ತು. ಕ್ಯಾಂಬರ್ ಒಂದಿಷ್ಟೂ ಬದಲಾಗದ ಕಾರಣ ತಿರುವಿನಲ್ಲಿ ಟೈರಿನ ಹೊರ ಅಂಚು ಮೊದಲಿನಂತೆಯೇ ಸವೆಯಿತು.

ಎರಡನೆಯದು ಪೋರ್ಶೆಯ ಜಿಟಿ3 ಕಾರಿನ ಮಾದರಿಯ ಎರಡು ತುಂಡಿನ ಲೋವರ್ ಆರ್ಮ್, ಅಂದರೆ ಗಾಲಿಯ ಬುಡವನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಕೆಳಗಿನ ತೋಳು. ಇದರ ನಡುವಿನ ಜೋಡಣೆಯಲ್ಲಿ ತೆಳುವಾದ ಶಿಮ್ ಬಿಲ್ಲೆಗಳನ್ನು ಸೇರಿಸಿದರೆ ಆರ್ಮ್ ಉದ್ದವಾಗಿ, ಅದರ ತುದಿಯ ಬಾಲ್ ಜಾಯಿಂಟ್ (ಗುಂಡಿನ ಕೀಲು) ಮತ್ತು ಗಾಲಿ ಒಟ್ಟಿಗೆ ಹೊರಕ್ಕೆ ಸರಿಯುತ್ತವೆ. ಹೊರಳುವ ಅಕ್ಷವೂ ಜೊತೆಗೇ ಬರುವುದರಿಂದ ಸ್ಕ್ರಬ್ ರೇಡಿಯಸ್ ಬಹುತೇಕ ಹಾಗೇ ಉಳಿಯುತ್ತದೆ. 1 ಮಿ.ಮೀ. ಶಿಮ್‌ಗೆ ಸುಮಾರು 0.1 ಡಿಗ್ರಿ ಋಣ ಕ್ಯಾಂಬರ್, ಅಂದರೆ ಗಾಲಿಯ ತಲೆ ಒಳಕ್ಕೆ ವಾಲುವಂಥದ್ದು, ಸಿಗುತ್ತದೆ. ಪ್ರತಿ ಬದಿಗೆ 7 ಮಿ.ಮೀ. ಹಾಕಿದ ಮೇಲೆ, ಮೊದಲೇ ಇದ್ದ ಅಲ್ಪವೂ ಸೇರಿ, ನನ್ನ ಕಾರಿನ ಕ್ಯಾಂಬರ್ ಒಂದು ಡಿಗ್ರಿಯ ಹತ್ತಿರ ಬಂತು, ವಾಲಿದ ಗಾಲಿಯ ಬುಡ ಇನ್ನಷ್ಟು ಹೊರಗೆ ಹೋಗುವುದರಿಂದ ಟ್ರ್ಯಾಕ್ ಸುಮಾರು 18 ಮಿ.ಮೀ. ಹೆಚ್ಚಿತು. ಸ್ಟಿಯರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡ್ ಮಾತ್ರ ಹಳೆಯ ಉದ್ದದ್ದೇ ಆದ್ದರಿಂದ ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೆಡುತ್ತದೆ, ಅದನ್ನು ಮತ್ತೆ ಹೊಂದಿಸದೆ ರಸ್ತೆಗೆ ಇಳಿಯಬಾರದು. ನಮ್ಮ ಶೆಡ್ಡಿನ ಶಹಾಬಾದ್ ಕಲ್ಲಿನ ನೆಲ ನೋಡಲು ಸಮತಟ್ಟು. ಗಾರೆ ಕೆಲಸದವರ ನೀರಿನ ಲೆವೆಲ್ ಪೈಪ್ ಹಿಡಿದಾಗ ಒಂದು ಗಾಲಿಯ ಕೆಳಗೆ 6 ಮಿ.ಮೀ. ತಗ್ಗಿತ್ತು. ಅಲ್ಲಿ ತಗಡು ಇಟ್ಟು ನೆಲ ಸರಿಮಾಡಿಕೊಂಡೇ ಎರಡೂ ಬದಿಗೆ ದಾರ ಕಟ್ಟಿ ಅಳೆದೆವು.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಸ್ಟ್ರಟ್ ಎಂಬ ಕಂಬದ ಮೇಲ್ತುದಿಗೆ ಹಾಕುವ ಕ್ಯಾಂಬರ್ ಪ್ಲೇಟನ್ನೂ ಕೆಲವರು ಸೂಚಿಸುತ್ತಾರೆ. ಅದು ಸ್ಟ್ರಟ್‌ನ ತಲೆಯನ್ನು ಒಳಕ್ಕೆ ವಾಲಿಸುತ್ತದೆ, ಟ್ರ್ಯಾಕ್ ಹೆಚ್ಚಿಸಲು ಅದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ.

ಅಗಲವೊಂದನ್ನೇ ನೋಡಿದರೆ ಸ್ಪೇಸರ್ ಮುಂದು. ಆದರೂ ತಿರುವಿನಲ್ಲಿ ಮೂತಿ ಹೇಳಿದಂತೆ ಕೇಳಿದ್ದು ಶಿಮ್ ಹಾಕಿದ ಮೇಲೆಯೇ, ಹೆಚ್ಚಿನ ಲಾಭ ಕ್ಯಾಂಬರಿನದೆಂದು ನಾನು ನಂಬುತ್ತೇನೆ. ಆರ್ಮ್‌ಗೆ ಸ್ಪೇಸರ್‌ನ ಹಲವು ಪಟ್ಟು ಹಣ ಬೇಕು, ಅಲೈನ್‌ಮೆಂಟ್‌ಗೆ ಒಂದು ದಿನ ಬೇಕು. ಅದೇ ಜಾಡುಗಳ ಮೇಲೆ ಈಗ ಸ್ಟಿಯರಿಂಗ್ ಜಗ್ಗುವುದಿಲ್ಲವಾದ್ದರಿಂದ ಸ್ಪೇಸರುಗಳನ್ನು ಮತ್ತೆ ಹಾಕಿಲ್ಲ. ಟೈರಿನ ಒಳ ಅಂಚು ಸವೆಯುತ್ತಿದೆಯೇ ಎಂದು ತಿಂಗಳಿಗೊಮ್ಮೆ ಕೈಯಾಡಿಸಿ ನೋಡುತ್ತೇನೆ.