ಎಚ್‌ಎಂಟಿ 3511: ಹದಿನೈದು ವರ್ಷಕ್ಕೂ ಜಾಸ್ತಿ ಓಡಿಸಿದ ಮೇಲೆ, ಆಯಿಲ್ ಮತ್ತು ಹೊಗೆಯ ಬಗ್ಗೆ

ನಮ್ಮ ಮನೆಯ ಎಚ್‌ಎಂಟಿ 3511 ಟ್ರ್ಯಾಕ್ಟರನ್ನು ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದು 1998ರಲ್ಲಿ. 2009ರಿಂದ ನಾನೇ ಓಡಿಸುತ್ತಿದ್ದೇನೆ. ಚಳ್ಳಕೆರೆ ಕಡೆಯ ಕೆಂಪು ಮಣ್ಣು, ಶೇಂಗಾ ಹೊಲ, ಸುಗ್ಗಿಯಲ್ಲಿ ಟ್ರೇಲರ್ ಬಾಡಿಗೆ. 35 ಎಚ್‌ಪಿ, ಮೂರು ಸಿಲಿಂಡರ್. ಪವರ್ ಸ್ಟೇರಿಂಗ್ ಇಲ್ಲ, ತೋಳಿಗೆ ಕೆಲಸ ಇದೆ. ಎಳೆಯುವುದರಲ್ಲಿ ಇವತ್ತಿಗೂ ದೂರು ಹೇಳುವ ಹಾಗಿಲ್ಲ.

ಹಳೇ ಗಾಡಿ ಅಂದ ತಕ್ಷಣ ಜನ ಕೇಳುವುದು ಒಂದೇ: ಆಯಿಲ್ ತಿನ್ನುತ್ತಾ, ಹೊಗೆ ಹೊಡೆಯುತ್ತಾ? ಎರಡೂ ಆಗಿದೆ, ಎರಡು ಸಲ. ಎರಡು ಸಲವೂ ಕಾರಣ ಬೇರೆ ಬೇರೆ. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲ ಸಲ 2013ರ ಬೇಸಿಗೆಯಲ್ಲಿ. ಸೈಲೆನ್ಸರ್‌ನಿಂದ ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಮೆಕ್ಯಾನಿಕ್ ದೂರದಿಂದಲೇ ನೋಡಿ, "ರಿಂಗ್ ಹೋಗಿದೆ ಅಣ್ಣ, ಎಂಜಿನ್ ಇಳಿಸಬೇಕು" ಅಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತಲಿನ ಬಳೆ, ಆಯಿಲ್ ಮೇಲೆ ಹೋಗದ ಹಾಗೆ ತಡೆಯುವುದು. ಅಪ್ಪ ಒಪ್ಪಲಿಲ್ಲ. "ಮೊದಲು ಏರ್ ಕ್ಲೀನರ್ ಬಟ್ಟಲು ಬಿಚ್ಚು" ಅಂದರು. ಗಾಳಿಯ ಧೂಳು ಹಿಡಿಯಲು ಆ ಬಟ್ಟಲಲ್ಲಿ ಆಯಿಲ್ ಇರುತ್ತದೆ. ಬಿಚ್ಚಿದರೆ ಆಯಿಲ್ ಗುರುತಿಗಿಂತ ಎರಡು ಬೆರಳು ಮೇಲಿತ್ತು. ಹಿಂದಿನ ದಿನ ತುಂಬಿದ್ದು ನಾನೇ. ಜಾಸ್ತಿ ಹಾಕಿದರೆ ಧೂಳು ಚೆನ್ನಾಗಿ ಹಿಡಿಯುತ್ತೆ ಅಂದುಕೊಂಡಿದ್ದೆ. ಹಾಗೆ ಮಾಡಿದರೆ ಎಂಜಿನ್ ಗಾಳಿಯ ಜೊತೆ ಆ ಆಯಿಲನ್ನೂ ಎಳೆದುಕೊಂಡು ಸುಡುತ್ತದೆ. ಗುರುತಿನವರೆಗೆ ಇಳಿಸಿದೆವು. ಸಂಜೆಯೊಳಗೆ ಹೊಗೆ ನಿಂತಿತು.

ಎರಡನೇ ಸಲ 2019ರಲ್ಲಿ, ಇದು ನಿಜವಾದ ಕಾಯಿಲೆ. ಎಂಟು ಗಂಟೆ ಉಳುಮೆಗೆ ಒಂದು ಲೀಟರ್ ಆಯಿಲ್ ಖಾಲಿ. ಕೆಳಗೆಲ್ಲೂ ಸೋರಿಕೆ ಇಲ್ಲ. ಈ ಸಲ ನಾನು ಒಂದು ವಾರ ಹೊಗೆ ಯಾವಾಗ ಬರುತ್ತೆ ಅಂತ ಸುಮ್ನೆ ನೋಡಿದೆ. ಬಣ್ಣಕ್ಕಿಂತ ಅದು ಬರುವ ಹೊತ್ತು ಜಾಸ್ತಿ ಹೇಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ, ರಾತ್ರಿ ವಾಲ್ವ್ ಗೈಡ್ (ವಾಲ್ವ್ ಕಡ್ಡಿ ಓಡಾಡುವ ತೋಳು) ಪಕ್ಕದಿಂದ ಆಯಿಲ್ ಇಳಿದಿರುವ ಸಾಧ್ಯತೆ ಜಾಸ್ತಿ. ಲೋಡ್ ಬಿದ್ದಾಗ ಬಿಡದೆ ಬಂದರೆ ಅನುಮಾನ ರಿಂಗ್, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಮೇಲೆ. ಕಪ್ಪು ಹೊಗೆ ಬೇರೆ ಕಥೆ: ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ನಮ್ಮದು ಲೋಡ್ ಹೊಗೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಪುಸ್ ಪುಸ್ ಅಂತ ಹೊಗೆ ಮುಖಕ್ಕೇ ಬರುತ್ತಿತ್ತು. ರಿಂಗ್ ಸವೆದರೆ ಹೀಗಾಗುತ್ತೆ. ಎಂಜಿನ್ ಒಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡರೂ ಹೀಗಾಗಬಹುದು, ಅದನ್ನು ಮೊದಲು ತೊಳೆದು ನೋಡಿದೆ. ಕಮ್ಮಿಯಾಗಲಿಲ್ಲ.

ಕೆಲವರು ದಪ್ಪ ಆಯಿಲ್ ಹಾಕು ಅಂದರು. ಹಾಕಿದೆ. ಒಂದು ವಾರ ಹೊಗೆ ಕಮ್ಮಿ, ಆಮೇಲೆ ಅದೇ ಹಾಡು. ಸವೆದ ಜಾಗ ದಪ್ಪ ಆಯಿಲ್‌ನಿಂದ ತುಂಬುವುದಿಲ್ಲ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗುವುದು ಮಾತ್ರ ಕಷ್ಟವಾಯಿತು. ಆ ದುಡ್ಡು ಉಳಿಸಿಕೊಳ್ಳಿ.

ಹೊಗೆಯನ್ನು ಸೈಲೆನ್ಸರ್‌ಗೆ ಒಯ್ಯುವ ಮ್ಯಾನಿಫೋಲ್ಡ್ ಬಿಚ್ಚಿದಾಗ ಮೂರೂ ಸಿಲಿಂಡರ್‌ನ ಹೊಗೆ ತೂತು ಎದುರಿಗೇ ಕಂಡವು. ಎರಡು ಒಣಗಿ ಬೂದು ಬಣ್ಣಕ್ಕಿದ್ದವು. ಮೂರನೆಯದು ಹಸಿ, ಕಾಡಿಗೆ ಬಳಿದ ಹಾಗೆ ಮಿರಮಿರ ಮಿನುಗುತ್ತಿತ್ತು. ಆಮೇಲೆ ಗಾಳಿ ಒಳಗೆ ಹೋಗುವ ಪೈಪಿಗೆ ಬೆರಳು ಹಾಕಿ ಒರೆಸಿದೆ. ಬೆರಳ ತುದಿಗೆ ಕೆಂಪು ಧೂಳು ಬಂತು. ಹೊಟ್ಟೆ ಚುರ್ ಅಂತು. ಏರ್ ಕ್ಲೀನರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ನ ಅಡಿಭಾಗ, ಕ್ಲಿಪ್ ಪಕ್ಕದಲ್ಲೇ, ಸೀಳಿತ್ತು. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಬಟ್ಟಲು ಎಷ್ಟು ಚೊಕ್ಕ ಇಟ್ಟರೇನು, ಧೂಳು ಅದರ ಆಚೆಯ ಈ ಸೀಳಿನಿಂದ ಒಳಗೆ ಹೋಗುತ್ತಿತ್ತು. ಆ ಧೂಳೇ ಉಪ್ಪುಕಾಗದದ ಹಾಗೆ ಲೈನರ್ ತಿಂದುಹಾಕಿತ್ತು.

ಇಲ್ಲಿ ಈ ಗಾಡಿಯ ಒಳ್ಳೆಯ ಗುಣ ಗೊತ್ತಾಗಿದ್ದು. ಚೆಕೊಸ್ಲೊವಾಕಿಯಾದ ಜೆಟಾರ್‌ನಿಂದ ಬಂದ ವಿನ್ಯಾಸ, ಲೈನರ್ ಸುತ್ತ ನೀರು ನೇರವಾಗಿ ಓಡಾಡುತ್ತದೆ. ಬೋರ್ ಮಾಡಿಸುವ, ಅಂದರೆ ಸವೆದ ಸಿಲಿಂಡರ್ ಕೊರೆಸುವ ಗೋಜಿಲ್ಲ. ಹಳೇ ಲೈನರ್ ಕಿತ್ತು ಹೊಸದು ಕೂರಿಸಿದರಾಯಿತು. ಲೈನರ್ ಕೆಳಗಿನ ರಬ್ಬರ್ ರಿಂಗ್ ಮಾತ್ರ ಮಡಚಿಕೊಳ್ಳದೆ ಕೂರಬೇಕು, ಇಲ್ಲದಿದ್ದರೆ ನೀರು ಆಯಿಲ್‌ಗೆ ಇಳಿಯುತ್ತೆ. ಅನುಮಾನ ಬಂದರೆ ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಇಳಿಸುವ ಡ್ರೈನ್ ನಟ್ಟು ಸ್ವಲ್ಪ ಸಡಿಲಿಸಿ. ನೀರು ಭಾರ, ಇದ್ದರೆ ಅದೇ ಮೊದಲು ತೊಟ್ಟಿಕ್ಕುತ್ತೆ.

2016ರಲ್ಲಿ ಕೇಂದ್ರ ಸರ್ಕಾರ ಪಿಂಜೋರ್‌ನ ಎಚ್‌ಎಂಟಿ ಟ್ರ್ಯಾಕ್ಟರ್ ಘಟಕ ಮುಚ್ಚಲು ತೀರ್ಮಾನಿಸಿತಲ್ವಾ, ಬಿಡಿಭಾಗ ಸಿಗುತ್ತೋ ಇಲ್ಲವೋ ಅಂತ ಹೆದರಿದ್ದೆ. ದಾವಣಗೆರೆಯ ಅಂಗಡಿಯಲ್ಲಿ ಹೇಳಿಟ್ಟು ಹತ್ತು ದಿನ ಕಾದೆ, ಮೂರೂ ಲೈನರ್ ಕಿಟ್ ಬಂದವು. 15ಡಬ್ಲ್ಯೂ-40 ಆಯಿಲ್ ಹಾಕಿದೆ. ಮೊದಲ ಆಯಿಲ್ 50 ಗಂಟೆಗೇ ಬದಲಿಸಿದೆ. ಈಗ ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದರವರೆಗೆ ಅರ್ಧ ಲೀಟರ್ ಸೇರಿಸಿದರೆ ಹೆಚ್ಚು.

ಇಂಥ ಗಾಡಿ ಕೊಳ್ಳುವವರು ಬೆಳಿಗ್ಗೆ ಬೇಗ ಹೋಗಿ, ಮೊದಲು ಎಂಜಿನ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿರಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಆ ಮೊದಲ ಹೊಗೆ ಕಾಣುವುದಿಲ್ಲ, ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ವಾಪಸ್ ಬನ್ನಿ.